ಒತ್ತಕ್ಷರ ಬಿಟ್ಟರೆ ತಿಗಣೆ

ನಿವೃತ್ತರಾದ ಮರುದಿನ ಬೆಳಗ್ಗೆಯೇ ನುಸಿ ಸಾಹೇಬರು ಮುಂದಿನ ಕೋಣೆಯ ನಟ್ಟನಡುವೆ ನಿಂತು ಘೋಷಣೆ ಹೊರಡಿಸಿದರು.

"ಇನ್ನು ಮೂರೇ ದಿನ. ಈ ಗೋಡೆ ನೋಡೋಕೆ ಜನ ಸಾಲುಗಟ್ಟಿ ನಿಲ್ತಾರೆ. ಬರೆದಿಟ್ಕೋ."

"ಬರೆಯೋಕೆ ಕೈ ಬಿಡುವಿಲ್ಲ," ಎಂದಳು ಹೆಂಡತಿ. ಅವಳ ಒಂದು ಕೈಯಲ್ಲಿ ಯಾವುದೋ ಮಗುವಿನ ಮೂಗಿತ್ತು, ಇನ್ನೊಂದರಲ್ಲಿ ಕರವಸ್ತ್ರ.

ನುಸಿ ಸಾಹೇಬರು ಎಂಬುದು ಕಚೇರಿಯವರು ಕೊಟ್ಟ ಅಡ್ಡಹೆಸರು. ಹಡಗು ಹತ್ತಬೇಕಾದ ಪ್ರತಿಯೊಂದು ಸಸಿಯ ಎಲೆಯೂ ಮೊದಲು ಅವರ ಮೈಕ್ರೋಸ್ಕೋಪಿನ ಕೆಳಗೆ ಮಲಗಬೇಕಿತ್ತು. ಅವರು ಒಂದು ಕಣ್ಣು ಮುಚ್ಚಿ ನೋಡಿ, "ಕೀಟಮುಕ್ತ" ಎಂದು ಬರೆದು ಸೀಲು ಒತ್ತಿದರೆ ಮಾತ್ರ ಅದಕ್ಕೆ ಪ್ರಯಾಣದ ಯೋಗ. ಮೂವತ್ತೊಂದು ವರ್ಷ ಇದೇ ಕೆಲಸ. ಸಿಕ್ಕಿಬಿದ್ದ ಕೀಟಗಳ ಫೋಟೋ ತೆಗೆಯುವುದು ಅವರ ಹುಚ್ಚು. ಆ ಫೋಟೋಗಳನ್ನು ಕಚೇರಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಬೀಳ್ಕೊಡುಗೆಯ ಭಾಷಣದಲ್ಲಂತೂ ಮೇಲಧಿಕಾರಿ ಅವರನ್ನು "ನಮ್ಮ ಗೊಬ್ಬರ ವಿಭಾಗದ ಹಿರಿಯರು" ಎಂದುಬಿಟ್ಟರು. ಸಾಹೇಬರು ಗೊಬ್ಬರ ವಿಭಾಗದ ಮೆಟ್ಟಿಲು ಹತ್ತಿದವರೇ ಅಲ್ಲ. ಆ ಅವಮಾನ ತೀರಿಸಿಕೊಳ್ಳಲೆಂದೇ ಈ ಗೋಡೆಯ ಯೋಜನೆ.

ಅದರಲ್ಲಿ ಇಪ್ಪತ್ತೈದು ವರ್ಷ ಹೆಂಡತಿ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಳು. ಮಕ್ಕಳಾಗಲಿಲ್ಲ. ಗಂಡ ಭಾನುವಾರವೂ ಎಲೆಗಳ ಜೊತೆ. ಆರು ವರ್ಷದ ಹಿಂದೆ ಅವಳು ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳತೊಡಗಿದಳು. ಈಗ ಏಳು ಮಕ್ಕಳಿದ್ದವು. ಏಳೂ ಅವಳನ್ನು "ಅಜ್ಜೀ" ಎಂದು ಕೂಗಿದರೆ ಅವಳಿಗೆ ಸೊಂಟನೋವೂ ನೆನಪಿರುತ್ತಿರಲಿಲ್ಲ. ಬದುಕಿನಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಅಂದೇ ಬಂದವು, ಆ ಫೋಟೋಗಳಿಂದ ಆರಿಸಿ ಹಿಗ್ಗಿಸಿದ ಮೂರು ಚಿತ್ರಗಳು, ಒಂದೊಂದೂ ಬಾಗಿಲಿನಷ್ಟು ದೊಡ್ಡದು. ಹವಳದ ಬಣ್ಣದ ಕೆಂಪು ನುಸಿ. ಗಾಜಿನ ಹೊಟ್ಟೆಯ ಹಸಿರು ಸಸ್ಯ ಹೇನು. ಬಿಳಿ ಶಾಲು ಹೊದ್ದು ಎಲೆಯ ಮೇಲೆ ಒರಗಿದ ಮಹಾರಾಣಿ, ಅಂದರೆ ಹಿಟ್ಟು ತಿಗಣೆ. ಎಂಟು ಕಾಲಿನದಕ್ಕೂ ಆರು ಕಾಲಿನದಕ್ಕೂ ಸಮಾನ ಗೌರವ ಕೊಟ್ಟು ಸಾಹೇಬರು ಮೊಳೆ ಹೊಡೆದರು.

"ರೀ, ಏನ್ರೀ ಇದು?"

"ಕಲೆ ಕಣೇ."

"ಅದು ಕಾಣ್ತಿದೆ. ತೊಳೆದ್ರೆ ಹೋಗುತ್ತಾ?"

ಸಾಹೇಬರು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರದ ಕೆಳಗೆ ಲ್ಯಾಟಿನ್ ಹೆಸರು ಬೇಡ, ಹಸುಗೂಸಿಗೂ ತಿಳಿಯುವಂತಿರಲಿ ಎಂದು ಅಂಗೈಯಗಲದ ಅಕ್ಷರದಲ್ಲಿ ತಾವೇ ಹೆಸರು ಬರೆದರು. ಲ್ಯಾಟಿನ್‌ನಲ್ಲೇ ಬರೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಏಳು ಮಕ್ಕಳಲ್ಲಿ ಒಬ್ಬಳು ಪಟಾಕಿ. ಮಾತಿನಲ್ಲಿ ಮುಂದು, ಓದಿನಲ್ಲಿ ಹಿಂದು. ಮೂರು ತಿಂಗಳಿಂದ ಅಜ್ಜಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸುತ್ತಿದ್ದಳು. ಕಾಗುಣಿತ ಮುಗಿದಿತ್ತು, ಒತ್ತಕ್ಷರ ಇನ್ನೂ ಶುರುವಾಗಿರಲಿಲ್ಲ. "ಒತ್ತಕ್ಷರ ಇರೋ ಪದ ಬಂದ್ರೆ ಸದ್ಯಕ್ಕೆ ಬಿಟ್ಟು ಮುಂದೆ ಓದು, ಕಂದಾ," ಎಂಬುದು ಅಜ್ಜಿಯ ಕಾನೂನು.

ಆ ಮಧ್ಯಾಹ್ನ ಪಟಾಕಿ ಗೋಡೆಯ ಮುಂದೆ ನಿಂತಳು. "ಕೆಂ...ಪು ನು...ಸಿ." ಎರಡನೆಯದರಲ್ಲಿ ಸಸ್ಯವನ್ನು ಬಿಟ್ಟಳು. "ಹೇ...ನು." ಮೂರನೆಯದರಲ್ಲಿ ಹಿಟ್ಟನ್ನು ಬಿಟ್ಟಳು. "ತಿ...ಗ...ಣೆ."

ಮಗು ಮೊದಲ ಸಲ ತಾನಾಗಿಯೇ ಓದಿತ್ತು. ಅಜ್ಜಿ ಕಣ್ಣು ತುಂಬಿಕೊಂಡು ಅವಳನ್ನು ಅಪ್ಪಿ ಮುದ್ದಾಡಿದಳು. ಓದಿದ್ದೇನು ಎಂದು ಆ ಖುಷಿಯಲ್ಲಿ ಯೋಚಿಸಲಿಲ್ಲ.

ಸಂಜೆ ಪಟಾಕಿ ತಾಯಿಗೆ ವರದಿ ಒಪ್ಪಿಸಿದಳು. "ಅಮ್ಮಾ, ಅಜ್ಜಿ ಮನೇಲಿ ಹೇನಿದೆ, ತಿಗಣೆ ಇದೆ. ನನಗಿಂತ ದೊಡ್ಡದು. ನಾನೇ ಓದ್ದೆ."

ತಾಯಿಯ ಕಸುಬು ಹೆಂಗಸರ ಕೂದಲು ಕತ್ತರಿಸುವುದು. ಆ ಅಂಗಡಿಯಲ್ಲಿ ಹೊರಟ ಸುದ್ದಿ ಊರು ಸುತ್ತಲು ಎಷ್ಟು ಹೊತ್ತು ಬೇಕು? ಬೆಳಗ್ಗೆ ಚಾಪೆಯ ಮೇಲೆ ಎರಡೇ ಮಕ್ಕಳು. ಅಷ್ಟರಲ್ಲಿ ಪಟಾಕಿಯ ತಾಯಿಯ ಫೋನು ಬಂತು.

"ತಪ್ಪು ತಿಳ್ಕೋಬೇಡಿ ಅಮ್ಮಾ. ನನ್ನ ಮಗಳ ತಲೇಲೇ ಹೇನು ಅಂದ್ರೆ ನನ್ನ ಕೈಗೆ ಯಾರು ತಲೆ ಕೊಡ್ತಾರೆ?"

"ಅದು ಗಿಡದ ಹೇನು ತಾಯಿ, ಬರೀ ಚಿತ್ರ," ಎಂದು ಇವಳು ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

"ಯೋಚನೆ ಮಾಡ್ಬೇಡ. ನಾನು ಸರಿ ಮಾಡ್ತೀನಿ," ಎಂದರು ಸಾಹೇಬರು.

"ಕೈಮುಗಿತೀನಿ, ಮಾಡ್ಬೇಡಿ."

ಮಾಡಿದರು. ಗೇಟಿಗೆ ಒಂದು ಬೋರ್ಡು ತೂಗುಹಾಕಿದರು: "ಸೂಚನೆ: ಈ ಮನೆಯ ಸಸ್ಯ ಹೇನು, ಹಿಟ್ಟು ತಿಗಣೆ ಮನುಷ್ಯರನ್ನು ಕಚ್ಚುವುದಿಲ್ಲ."

ಪಕ್ಕದ ಮನೆಯವರು ಅಂದೇ ಹಾಸಿಗೆ ದಿಂಬುಗಳನ್ನೆಲ್ಲ ಬಿಸಿಲಿಗೆ ಹಾಕಿದರು. ತಾಯಿಯ ಕೈಹಿಡಿದು ಎದುರು ಬದಿಯಲ್ಲಿ ಹೋಗುತ್ತಿದ್ದ ಪಟಾಕಿ, ಕಲಿತ ವಿದ್ಯೆಯನ್ನು ಬೀದಿಗೆಲ್ಲ ಕೇಳುವಂತೆ ಪ್ರದರ್ಶಿಸಿದಳು. "ಸೂಚನೆ! ಈ ಮನೆಯ ಹೇನು, ತಿಗಣೆ!" ಸಾಹೇಬರ ಭವಿಷ್ಯವಾಣಿ ಸುಳ್ಳಾಗಲಿಲ್ಲ. ಮೂರನೆಯ ದಿನ ಜನ ನಿಜಕ್ಕೂ ಸಾಲುಗಟ್ಟಿ ನಿಂತರು, ರಸ್ತೆಯ ಆಚೆ ಬದಿಯಲ್ಲಿ, ಮೂಗು ಮುಚ್ಚಿಕೊಂಡು. ಉಳಿದಿದ್ದ ಎರಡು ಮಕ್ಕಳನ್ನೂ ತಂದೆತಾಯಂದಿರು ಬಂದು ಕರೆದೊಯ್ದರು.

ಹೆಂಡತಿ ಚಾಪೆ ಸುತ್ತತೊಡಗಿದಳು.

"ಯಾಕೆ ಸುತ್ತುತೀಯ? ನಾಳೆ ಬರ್ತಾವೆ."

"ಯಾರಿಗೆ ಹಾಸಲಿ? ನಿಮ್ಮ ಮಹಾರಾಣಿಗಾ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಾಹೇಬರಿಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. ಅವರು ತಾವಾಗಿಯೇ ಬೋರ್ಡು ಕಿತ್ತರು, ಚಿತ್ರಗಳನ್ನು ಇಳಿಸಿ ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಖಾಲಿ ಕೋಣೆಯಲ್ಲಿ ಗಡಿಯಾರದ ಸದ್ದು ಅವರಿಗೆ ಮೊದಲ ಸಲ ಕೇಳಿಸಿತು. ಇದನ್ನೇ ಇವಳು ಇಪ್ಪತ್ತೈದು ವರ್ಷ ಕೇಳಿದ್ದಾಳೆ ಎಂದು ಹೊಳೆದು ನಾಚಿಕೆಯಾಯಿತು.

"ನಾನೇ ಸರ್ಟಿಫಿಕೇಟ್ ಬರೆದು ಗೇಟಿಗೆ ಅಂಟಿಸ್ತೀನಿ. ಕೀಟಮುಕ್ತ ಅಂತ."

"ಅದರಲ್ಲಿ ಒತ್ತಕ್ಷರ ಇದೆ."

"ಕೀಟ ಇಲ್ಲ ಅಂತ ಬರೀಲಾ?"

"ಇಲ್ಲ ಅನ್ನೋದರಲ್ಲೂ ಇದೆ. ಅವಳು ಇಲ್ಲ ಬಿಟ್ಟು ಕೀಟ ಓದ್ತಾಳೆ."

ದೇಶಾಂತರ ಹೋಗುವ ಗಿಡಗಳಿಗೆಲ್ಲ ಒಂದು ಕಣ್ಣು ಮುಚ್ಚಿ ನೋಡಿ ಬರೆದುಕೊಟ್ಟ ಸಾಹೇಬರು ಒಂದೂವರೆ ಗಂಟೆ ಬೆವರಿದರು. ನಾಲ್ಕು ಹಾಳೆ ಹರಿದರು. ಕೊನೆಗೆ ಒಂದೇ ಒಂದು ಒತ್ತಕ್ಷರವಿಲ್ಲದ ಪ್ರಮಾಣಪತ್ರ ಸಿದ್ಧವಾಯಿತು: "ಈ ಮನೆ ಶುಚಿ. ಯಾವ ಕೀಟವೂ ಇರದು." ಕೆಳಗೆ ರುಜು, ತಾರೀಕು. ಪರೀಕ್ಷೆ ಬರೆದ ಹುಡುಗನಂತೆ ತಂದು ಹೆಂಡತಿಯ ಮುಂದೆ ಹಿಡಿದರು.

ಅವಳು ಅಕ್ಷರ ಅಕ್ಷರವಾಗಿ ಓದಿದಳು.

"ಎಲ್ಲಾ ಸರಿಯಾಗಿದೆ. ತಾರೀಕು ಮಾತ್ರ ತಪ್ಪು."

"ಇವತ್ತಿನದೇ ಅಲ್ವೇನೇ?"

"ಅದೇ ತಪ್ಪು. ಇವತ್ತು ನುಸಿ ಸಾಹೇಬರು ಮನೇಲೇ ಇದ್ದಾರಲ್ಲ."