ಅಧ್ಯಕ್ಷರ ಮನೆಯ ಬಾಗಿಲು

ಸಭೆಗೆ ಗೈರುಹಾಜರಾಗುವವರಿಗೆ ನನ್ನದೊಂದು ಕಿವಿಮಾತು: ನೀವಿಲ್ಲದಾಗ ನಿಮ್ಮನ್ನೇ ಅಧ್ಯಕ್ಷರನ್ನಾಗಿ ಮಾಡಿಬಿಡುತ್ತಾರೆ. ಇಳಕಲ್ಲಿನ ನಮ್ಮ ಓಣಿಯ ಸುರಕ್ಷತಾ ಸಮಿತಿಗೆ ನಾನು ಅಧ್ಯಕ್ಷನಾದದ್ದು ಹಾಗೆಯೇ. ಗೋಡೆಯ ಮೇಲಿನ ಹಲ್ಲಿ ಓಡಿಸಲೂ ಹೆಂಡತಿಯನ್ನು ಕೂಗುವ ಮನುಷ್ಯ ನಾನು. ಆದರೆ ಕುರ್ಚಿ ಎಂಥವನಿಗೂ ಗಂಟಲು ಕೊಡುತ್ತದೆ. ಕುಳಿತ ಮೊದಲ ಸಭೆಯಲ್ಲೇ "ಓಣಿಗೆ ಕ್ಯಾಮೆರಾ ಬೇಕು!" ಎಂದು ಗುಡುಗಿದೆ.

ಎದುರುಮನೆಯ ಗಂಗವ್ವನಿಗೆ ಅದು ಹಿಡಿಸಲಿಲ್ಲ. ಅರವತ್ತು ದಾಟಿದ ಆಕೆ ದಿನವಿಡೀ ಕಟ್ಟೆಯ ಮೇಲೆ ಕುಳಿತು ಸೀರೆಯ ಮಗ್ಗಕ್ಕೆ ನೂಲು ಸುತ್ತುತ್ತಾಳೆ. ಕೈ ರಾಟೆಯ ಮೇಲೆ, ಕಣ್ಣು ಓಣಿಯ ಮೇಲೆ. ಹೊಸಬರು ಕಂಡರೆ "ಯಾರ್ರಿ? ಯಾರ ಮನಿಗೆ ಬಂದೀರಿ?" ಎಂದು ಕೇಳದೆ ಬಿಡುವುದಿಲ್ಲ. ಬಾದಾಮಿಯಿಂದ ಬಂದ ನಮ್ಮ ಬೀಗರನ್ನೇ ಕಾಲು ಗಂಟೆ ನಿಲ್ಲಿಸಿಕೊಂಡಿದ್ದಳು. "ಕ್ಯಾಮೆರಾ ನೋಡತೈತಿ ಖರೆ ಸರ, ಮಾತಾಡಸತೈತೇನು?" ಎಂದಳು. ಹಳೆಯ ಕಾಲದವಳು ಎಂದು ನಾನು ನಕ್ಕೆ.

ಮರುವಾರ ಹುನಗುಂದದಲ್ಲಿ ಇಂಥ ಸಮಿತಿಗಳ ಸಭೆ. ನನ್ನ ವಿಷಯ 'ಮುನ್ನೆಚ್ಚರಿಕೆ'. ಹೆಂಡತಿ ಬಾಗಲಕೋಟೆಗೆ ಮಗಳ ಮನೆಗೆ ಹೋಗಿದ್ದಳು. ಹಾಲು ಕಾಯಲು ಇಟ್ಟು, ಕನ್ನಡಿಯೆದುರು ಭಾಷಣ ಒಪ್ಪಿಸಿ, ಬಸ್ಸು ತಪ್ಪೀತೆಂದು ಬಾಗಿಲಿಗೆ ಕೀಲಿ ಹಾಕಿ ಓಡಿದೆ. ಹಾಲು ಉಕ್ಕಿ ಬೆಂಕಿ ಆರಿಸಿತು. ಗ್ಯಾಸು ಮಾತ್ರ ಬರುತ್ತಲೇ ಇತ್ತು.

ವೇದಿಕೆ ಏರುವ ಹೊತ್ತಿಗೆ ಫೋನು. ನಮ್ಮ ಓಣಿಯಲ್ಲಿ ಒಲೆ ರಿಪೇರಿ ಮಾಡುವ ರಾಜೇಸಾಬ. "ಸರ, ನಿಮ್ಮ ಮನಿ ಬಾಗಿಲಾ ತಗದೇವ್ರಿ."

ಮನೆ ಒಡೆದವರೇ ಫೋನ್ ಮಾಡಿ ತಿಳಿಸುವಷ್ಟು ಊರು ಮುಂದುವರಿಯಿತೇ ಎಂದುಕೊಳ್ಳುವಷ್ಟರಲ್ಲಿ ಅವನೇ ಹೇಳಿದ: "ಗ್ಯಾಸ್ ಸೋರಾಕತ್ತಿತ್ರಿ. ಬಂದ್ ಮಾಡೇವಿ. ಗಾಬರಿ ಆಗಬ್ಯಾಡ್ರಿ, ಸಾವಕಾಶ ಬರ್ರಿ."

ಭಾಷಣ ಬಿಟ್ಟು ಬಂದೆ. ಕಟ್ಟೆಯ ಮೇಲೆ ಗಂಗವ್ವನ ತೊಡೆಯಲ್ಲಿ ನಮ್ಮ ಪಕ್ಕದ ಮನೆಯ ಹಸುಗೂಸು ಮಲಗಿತ್ತು. ಅದರ ತಾಯಿ ಬಿಸಿನೀರಿಗೆಂದು ಒಲೆ ಹಚ್ಚುವವಳಿದ್ದಳಂತೆ. ವಾಸನೆ ಹಿಡಿದ ಗಂಗವ್ವ ಓಡಿಹೋಗಿ "ಕಡ್ಡಿ ಕೊರಿಬ್ಯಾಡವಾ, ಹೊರಗ ಬಾ!" ಎಂದು ತಾಯಿ ಮಗು ಇಬ್ಬರನ್ನೂ ಎಳೆದು ತಂದಿದ್ದಾಳೆ. ನಮ್ಮ ಮನೆಯ ಕೀಲಿ ಒಡೆಯಲು ಓಣಿಯ ನೇಕಾರರು ಸುತ್ತಿಗೆ ತಂದರೆ ರಾಜೇಸಾಬ "ಕಿಡಿ ಹಾರತೈತಿ" ಎಂದು ತಡೆದು, ಬಾಗಿಲಿನ ಕೊಂಡಿಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಒಳಗೆ ಹೋಗಿದ್ದಾನೆ. ಕೂಸಿನ ಮುಖ ನೋಡಿ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಯಾರೂ ಬೈಯಲಿಲ್ಲ. ರಾಜೇಸಾಬ ಮಾತ್ರ ಮೆಲ್ಲಗೆ, "ಅಧ್ಯಕ್ಷರ ಮನಿ ಕೊಂಡಿ ಭಾಳ ಹಗೂರ ಬಿಚ್ಚಿತ್ರಿ, ಬದಲಿ ಮಾಡಸ್ರಿ" ಎಂದ.

ಮುಂದಿನ ಸಭೆಯಲ್ಲಿ ತಲೆ ತಗ್ಗಿಸಿ ರಾಜೀನಾಮೆ ಕೊಟ್ಟೆ. ಗಂಗವ್ವ ಒಪ್ಪಲಿಲ್ಲ.

"ನೀವ ಇರ್ರಿ ಸರ. ಯಾರ ಮ್ಯಾಲ ಕಣ್ಣಿಡಬೇಕು ಅನ್ನೂದು ಗೊತ್ತಿದ್ರ ನಮಗೂ ಕೆಲಸ ಹಗೂರ ಆಗತೈತಿ."

ಓಣಿಯೆಲ್ಲ ನಕ್ಕಿತು, ಕೂಸಿನ ತಾಯಿಯೂ. ನಾನು ಮುಂದುವರಿದಿದ್ದೇನೆ. ನಮ್ಮ ಮನೆಯ ಎರಡನೆಯ ಕೀಲಿಯನ್ನು ಗಂಗವ್ವನಿಗೆ ಕೊಟ್ಟಿದ್ದೇವೆ. ಮೊದಲನೆಯದನ್ನೂ ಅವಳಿಗೇ ಕೊಡುವುದು ಒಳ್ಳೆಯದೆಂದು ನನ್ನ ಹೆಂಡತಿಯ ಅಭಿಪ್ರಾಯ.