ಅರ್ಧ ಡಿಗ್ರಿ ತಂಪು

ಕರೆಂಟಿಗೆ ಹೆದರುವವನು ವಿದ್ಯುತ್ತಿನ ಮೇಲೆ ಸಂಶೋಧನೆಗೆ ಇಳಿಯಬಾರದು. ನಾನು ಇಳಿದೆ. ಬಲ್ಬು ಬದಲಾಯಿಸುವಾಗಲೂ ಹೆಂಡತಿ ಗಿರಿಜಾಳನ್ನು ಮೇಲೆ ಹತ್ತಿಸಿ ಕೆಳಗೆ ಸ್ಟೂಲು ಹಿಡಿದು ನಿಲ್ಲುವ ನಾನು, ತರೀಕೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತ ಒಂಬತ್ತು ವರ್ಷದಿಂದ ಪಿಎಚ್.ಡಿ.ಗೆ ಹೆಣಗುತ್ತಿದ್ದೇನೆ. ವಿಷಯ ಹೇಳುವುದಕ್ಕೆ ಸುಲಭ. ಕೆಲವು ಮಿಶ್ರಲೋಹಗಳು ಅಯಸ್ಕಾಂತ ಹತ್ತಿರ ತಂದರೆ ಬಿಸಿಯಾಗುತ್ತವೆ, ದೂರ ಸರಿಸಿದರೆ ತಣ್ಣಗಾಗುತ್ತವೆ. ಅಂಥ ಲೋಹದ ತೆಳು ಹಾಳೆಯನ್ನು, ವೋಲ್ಟೇಜ್ ಕೊಟ್ಟರೆ ಚೂರೇ ಚೂರು ಕುಗ್ಗುವ ಒಂದು ಬಿಲ್ಲೆಗೆ ಅಂಟಿಸಬೇಕು. ಬಿಲ್ಲೆ ಲೋಹವನ್ನು ಹಿಂಡುತ್ತದೆ, ಆಗ ಅದರ ತಂಪು ನಮ್ಮ ಮಾತು ಕೇಳುತ್ತದೆ. ಮುಂದೊಂದು ದಿನ ಇದರಿಂದ ಗ್ಯಾಸಿಲ್ಲದ ಫ್ರಿಜ್ ಬರಬಹುದು. ಇದನ್ನು ನಾನು ಅಜ್ಜಂಪುರದ ನಮ್ಮ ಮನೆಯಲ್ಲಿ ಒಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟೆ. ಮನೆಯ ಫ್ರಿಜ್ ಕೆಟ್ಟು ಎರಡು ಬೇಸಿಗೆ ಕಳೆದಿವೆ. ಹೊಸದು ತರೋಣ ಎಂದರೆ ಗಿರಿಜಾ, "ನಿಮ್ದೇ ಬತ್ತದಲ್ಲ, ಸುಮ್ನೆ ಇನ್ನೊಂದ್ಯಾಕೆ" ಅನ್ನುತ್ತಾಳೆ. ಅದು ನಂಬಿಕೆಯೋ ಕುಟುಕೋ ನನಗೆ ಇನ್ನೂ ತಿಳಿದಿಲ್ಲ.

ವಿಶ್ವವಿದ್ಯಾಲಯದವರು ಈ ಸಲ ಕೊಟ್ಟದ್ದು ಕಡೆಯ ಗಡುವು. ತಿಂಗಳ ಕೊನೆಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು, ಒಂಬತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಂಟು ವರ್ಷ ಆ ಲೋಹ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅಂಟು ಬಿಟ್ಟುಕೊಳ್ಳುತ್ತಿತ್ತು, ಇಲ್ಲವೇ ಬಿಲ್ಲೆ ಸೀಳುತ್ತಿತ್ತು. ಈ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಫಲ ಬಂತು. ಲೋಹವನ್ನು ಕೊಂಚ ಬೆಚ್ಚಗಿಟ್ಟು, ಅಯಸ್ಕಾಂತ ಸರಿಸಿ, ವೋಲ್ಟೇಜ್ ಏರಿಸಿದರೆ ಮೀಟರು ಅರ್ಧ ಡಿಗ್ರಿ ಇಳಿಯುತ್ತಿತ್ತು. ಆರಿಸಿದರೆ ಮತ್ತೆ ಏರುತ್ತಿತ್ತು. ನನ್ನ ಮೈಯೂ ಹಿತವಾಗಿ ತಣ್ಣಗಾಗುತ್ತಿತ್ತು. ಸಂತೋಷವೆಂದರೆ ಹೀಗೇ ಇರಬೇಕು ಎಂದುಕೊಂಡೆ. ಹೋಲಿಸಿ ನೋಡಲು ಹಳೆಯ ಸಂತೋಷ ಯಾವುದೂ ಇರಲಿಲ್ಲ. ಗ್ರಾಫನ್ನು ಗೈಡಿಗೆ ಕಳಿಸಿದೆ. ಮೊದಲ ಬಾರಿಗೆ ಅವರು ಫೋನಿನಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳಿದರು.

ಇನ್ನೊಂದು ಪಟ್ಟಿ ತುಂಬಿದರೆ ಮುಗಿಯಿತು ಎನ್ನುವಾಗ ಲ್ಯಾಬಿನ ಅಟೆಂಡರ್ ರುದ್ರಪ್ಪ ತಂಗಿ ಮಗಳ ಮದುವೆಗೆಂದು ಶಿವನಿ ಊರಿಗೆ ಹೋದ. ಅವನು ಹೋದದ್ದೇ ತಡ, ತಂಪೂ ಹೋಯಿತು. ನಾಲ್ಕು ದಿನ ಮೀಟರು ಕದಲಲಿಲ್ಲ. ಅಂಟನ್ನು ಬೈದೆ, ವೈರು ಬದಲಿಸಿದೆ, ನನ್ನ ಜಾತಕವನ್ನೂ ಶಂಕಿಸಿದೆ. ಊಟ ಸೇರಲಿಲ್ಲ. ಐದನೆಯ ದಿನ ರುದ್ರಪ್ಪ ಬಂದ. ವೋಲ್ಟೇಜ್ ಹಾಕಿದೆ, ಅರ್ಧ ಡಿಗ್ರಿ ಇಳಿಯಿತು. ನನಗೆ ಕಣ್ಣಲ್ಲಿ ನೀರೇ ಬಂತು.

"ನಿನ್ನ ಕಾಲ್ಗುಣ ಕಣಯ್ಯಾ ರುದ್ರಪ್ಪ" ಅಂದೆ.

"ಕಾಲ್ಗುಣ ಏನ್ ಬಂತು ಸಾ, ಫ್ಯಾನ್ ಹಾಕಿದೀನಲ್ಲ" ಅಂದ.

ನಮ್ಮ ಲ್ಯಾಬಿನ ಫ್ಯಾನಿನ ಸ್ವಿಚ್ಚು, ಕಟ್ಟಡ ಕಟ್ಟಿದವರ ಯಾವುದೋ ದೂರದೃಷ್ಟಿಯಿಂದ, ಹೊರಗೆ ವರಾಂಡದಲ್ಲಿದೆ. ಲೋಹವಿದ್ದ ಥರ್ಮೋಕೋಲ್ ಡಬ್ಬಿಗೆ ವೈರುಗಳ ದೆಸೆಯಿಂದ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ನಾನು ಮೀಟರು ಬಿಟ್ಟು ತಲೆ ಎತ್ತುತ್ತಿರಲಿಲ್ಲ.

"ಆ ಮಿಷನ್ ಹಾಕ್ದಂಗೆಲ್ಲ ನೀವು ಹೆದ್ರಿ ಬೆವ್ತು ನೀರಾಗ್ತಿದ್ರಿ ಸಾ. ನೋಡಕ್ಕಾಗ್ತಿರ್ಲಿಲ್ಲ. ಅದ್ಕೇ ಹೊರ್ಗಿಂದ ಫ್ಯಾನ್ ಹಾಕ್ತಿದ್ದೆ. ನೀವು ಮಿಷನ್ ಆರ್ಸಿದ್ ಕೂಡ್ಲೆ ನಾನೂ ಆರಿಸ್ತಿದ್ದೆ, ಕರೆಂಟ್ ಯಾಕೆ ದಂಡ ಅಂತ."

ಫ್ಯಾನು ಆರಿಸು, ಇನ್ನು ಮುಟ್ಟಬೇಡ ಎಂದು ಹೇಳಿ ಸಂಜೆಯವರೆಗೆ ಪ್ರಯೋಗ ಮಾಡಿದೆ. ಮೀಟರು ನಿಂತಲ್ಲೇ ನಿಂತಿತ್ತು. ರುದ್ರಪ್ಪ ಬಾಗಿಲಲ್ಲಿ ನಿಂತು ನನ್ನ ಬೆವರು ನೋಡಿ ಸಂಕಟಪಡುತ್ತಿದ್ದ. "ಒಂದೈದ್ ನಿಮಿಷ ಹಾಕ್ಲಾ ಸಾ?" ಎಂದು ಎರಡು ಸಲ ಕೇಳಿದ. ಹಳೆಯ ಗ್ರಾಫನ್ನೇ ಸುಮ್ಮನೆ ಸಲ್ಲಿಸಿಬಿಡೋಣ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಬಂತು, ಬಸ್ಸು ಹತ್ತುವವರೆಗೂ ಜೊತೆಗಿತ್ತು. ಬಸ್ಸಿನಲ್ಲೇ ಗೈಡಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಒಳ್ಳೇ ಫ್ಯಾನು ಕಣ್ರೀ" ಎಂದು ಇಟ್ಟುಬಿಟ್ಟರು.

ಮನೆಗೆ ಬಂದು ಪ್ರಬಂಧದ ಹಾಳೆಗಳನ್ನು ಹರಡಿಕೊಂಡು, ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಹುಡುಕಿದೆ. ಪಟ್ಟಿಗಳು ಹೋದವು, ಗ್ರಾಫು ಹೋಯಿತು, ತೀರ್ಮಾನದ ಅಧ್ಯಾಯವಂತೂ ಓದುವಂತಿರಲಿಲ್ಲ. ಸುಳ್ಳಿಲ್ಲದೆ ಉಳಿದದ್ದು ಕೃತಜ್ಞತೆಯ ಎರಡು ಪುಟ ಮಾತ್ರ. ಗೈಡು, ಪ್ರಾಂಶುಪಾಲರು, ಗಿರಿಜಾ, ಅಂಟು ತಂದುಕೊಟ್ಟ ಕಡೂರಿನ ಷಡ್ಡಕ, ಕೊನೆಗೆ ಸೀಟು ಹಿಡಿದಿಡುತ್ತಿದ್ದ ಬಸ್ ಕಂಡಕ್ಟರನವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಒಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಏನನ್ನಾದರೂ ತಂಪು ಮಾಡಿದ್ದ ಒಬ್ಬನೇ ಒಬ್ಬನ ಹೆಸರು ಮಾತ್ರ ಅದರಲ್ಲಿರಲಿಲ್ಲ.