ಸಕ್ಕರೆ ಇದ್ದದ್ದು ನೆಗ್ಗಿದ ಡಬ್ಬದಲ್ಲಿ

ವಾರಪತ್ರಿಕೆಯ ‘ಮನೆಗೊಂದು ಕಿವಿಮಾತು’ ಅಂಕಣದ ಮಾನ್ಯ ‘ಗೃಹಹಿತೈಷಿ’ಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಅಡುಗೆಮನೆಯ ಸಿಂಕು ನಿಂಬೆಸಿಪ್ಪೆಯಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿದೆ, ತಮ್ಮ ಕಾಲುಚೀಲಗಳು ಜೋಡಿ ತಪ್ಪದೆ ಬಣ್ಣದ ಪ್ರಕಾರ ಸಾಲಾಗಿ ಮಲಗಿವೆ ಎಂದು ನಂಬಿ, ಎರಡೂ ಕೈ ಜೋಡಿಸಿ ವಂದಿಸುತ್ತೇನೆ. ಕೈಗೆ ಅಡುಗೆಸೋಡಾ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದುಕೊಂಡ ಮೇಲೆಯೇ ಜೋಡಿಸಿದ್ದೇನೆ; ಅದೂ ತಾವೇ ಹೇಳಿಕೊಟ್ಟದ್ದು.

ತಮಗೆ ನನ್ನ ಪರಿಚಯವಿಲ್ಲ, ಆದರೆ ತಮ್ಮ ಪರಿಚಯ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ನಾನು ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಚೀಟಿ ಬರೆಯುವವಳು. ಕಾಯುವವರಿಗೆಂದು ತರಿಸುವ ತಮ್ಮ ಪತ್ರಿಕೆಯನ್ನು ಮೊದಲು ನಾನು ಓದಿ, ತಮ್ಮ ಪುಟವನ್ನು ಅಂಚು ಹರಿಯದ ಹಾಗೆ ಕಿತ್ತು ಚೀಲಕ್ಕೆ ಹಾಕಿಕೊಂಡು, ಉಳಿದದ್ದನ್ನು ರೋಗಿಗಳಿಗೆ ಬಿಡುತ್ತಿದ್ದೆ. ದವಡೆ ಊದಿಸಿಕೊಂಡು ಬಂದ ಯಾರಾದರೂ “ಇದರಲ್ಲಿ ಮೂವತ್ತೊಂದನೇ ಪುಟ ಎಲ್ಲಿ ಮೇಡಂ?” ಎಂದು ಕೇಳಿದರೆ, “ಮಾತಾಡಬೇಡಿ, ಗಾಳಿ ಹೊಕ್ಕರೆ ನೋವು ಜಾಸ್ತಿಯಾಗುತ್ತೆ” ಎಂದು ಹೆದರಿಸಿ ಕೂರಿಸುತ್ತಿದ್ದೆ. ತಮ್ಮ ಸಲುವಾಗಿ ನಾನು ಮಾಡಿದ ಪಾಪಗಳಲ್ಲಿ ಇದು ತೀರ ಚಿಕ್ಕದು.

ತಮ್ಮ ಕಿವಿಮಾತುಗಳಿಂದ ನಮ್ಮ ಸಂಸಾರಕ್ಕೆ ಆಗಿರುವ ಲಾಭವನ್ನು ಹೇಳದೆ ದೂರಿಗೆ ಇಳಿದರೆ ಕೃತಘ್ನತೆಯಾದೀತು. ಒದ್ದೆ ಬೂಟಿಗೆ ಹಳೆಯ ಪೇಪರು ತುರುಕಿದರೆ ನೀರು ಹೀರುತ್ತದೆ ಎಂದಿರಿ, ತುರುಕಿದೆ. ಲಿಫ್ಟ್ ರಿಪೇರಿ ಮಾಡುವ ನಮ್ಮ ಯಜಮಾನರು ಅದನ್ನು ನೋಡದೆ ಹಾಗೆಯೇ ಕಾಲು ತೂರಿಸಿಕೊಂಡು ಹೋಗಿ, ಕಾಲಿಗೆ ಏನೋ ಬಾವು ಬಂದಿದೆಯೆಂದು ಮಧ್ಯಾಹ್ನದವರೆಗೆ ಕುಂಟಿದರು. ಜಿರಲೆ ಓಡಿಸುವ ಆರು ಉಪಾಯಗಳೆಂಬ ತಮ್ಮ ಲೇಖನವನ್ನು, ತಾವೇ ಇನ್ನೊಂದು ವಾರ ಹೇಳಿಕೊಟ್ಟ ಮೈದಾಹಿಟ್ಟಿನ ಅಂಟಿನಿಂದ ಬೀರುವಿನ ಬಾಗಿಲಿಗೆ ಅಂಟಿಸಿದೆ. ಜಿರಲೆಗಳು ಸಂಸಾರಸಮೇತ ಬಂದು ಮೊದಲ ನಾಲ್ಕು ಉಪಾಯಗಳನ್ನು ತಿಂದು ಹೋದವು, ಉಳಿದೆರಡು ಅವಕ್ಕೂ ರುಚಿಸಲಿಲ್ಲವೆಂದು ಕಾಣುತ್ತದೆ. “ಇದು ಮನೆಯೋ ಪ್ರಯೋಗಶಾಲೆಯೋ?” ಎಂದು ಯಜಮಾನರು ಗೊಣಗಿದಾಗ, ಹಿತವಚನ ಕಹಿಯೇ ಇರುತ್ತದೆಂದು ನಾನು ತಮ್ಮ ಪರವಾಗಿ ವಾದಿಸಿದ್ದೇನೆ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ತಮಗೆ ಅನ್ವಯಿಸುವುದಿಲ್ಲ, ತಾವು ಹೇಳಿದ್ದನ್ನೆಲ್ಲ ತಮ್ಮ ಮನೆಯಲ್ಲಿ ಮಾಡಿ ನೋಡಿಯೇ ಬರೆಯುವವರು ಎಂದು ಪ್ರಮಾಣ ಬೇರೆ ಮಾಡಿದ್ದೇನೆ.

ಈಗ ನಮ್ಮ ಅತ್ತೆಯ ವಿಷಯ. ನಾನು ಎಂಟೂವರೆಗೆ ಕೆಲಸಕ್ಕೆ ಹೊರಡುವವಳಾದ್ದರಿಂದ ನಮ್ಮ ಒಲೆ ಹದಿನಾಲ್ಕು ವರ್ಷದಿಂದ ಅತ್ತೆಯ ಕೈಯಲ್ಲೇ ಇತ್ತು. ಆ ಒಲೆಯ ಮೇಲಿನ ಹಲಗೆಯಲ್ಲಿ ಹನ್ನೊಂದು ಡಬ್ಬಗಳಿದ್ದವು, ಒಂದರ ಮುಖ ಇನ್ನೊಂದಕ್ಕಿರಲಿಲ್ಲ. ನೆಗ್ಗಿದ್ದರಲ್ಲಿ ಸಕ್ಕರೆ, ಮುಚ್ಚಳಕ್ಕೆ ದಾರ ಕಟ್ಟಿದ್ದರಲ್ಲಿ ಉಪ್ಪು, ತೆರೆದರೆ ಕೀರಲು ದನಿಯಲ್ಲಿ ಕಿರುಚುತ್ತಿದ್ದದ್ದರಲ್ಲಿ ಚಹಾಪುಡಿ, ಬುಡ ಸಮವಿಲ್ಲದೆ ತೂಗಾಡುತ್ತಿದ್ದದ್ದರಲ್ಲಿ ಮೆಣಸಿನಪುಡಿ. ಅತ್ತೆ ಆ ಡಬ್ಬಗಳತ್ತ ತಿರುಗಿಯೂ ನೋಡದೆ, ನಮ್ಮ ಜೊತೆ ಮಾತಾಡುತ್ತಲೇ ಕೈ ಚಾಚಿ ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದರು. ಅದನ್ನು ಪಳಗಿದ ಕೈ ಅಂದುಕೊಂಡಿದ್ದೆವು. ನೋಡಲಾಗದ್ದರಿಂದ ನೋಡುತ್ತಿರಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಆ ಹೊತ್ತಿಗೆ ತಮ್ಮ ಕೃಪೆಯಾಯಿತು. ‘ಕಣ್ಣಿಗೆ ಹಿತ, ಮನಸ್ಸಿಗೆ ಶಾಂತಿ’ ಎಂಬ ತಲೆಬರಹದಡಿ, ತುಕ್ಕು ಹಿಡಿದ ಹಳೆಯ ಡಬ್ಬಗಳನ್ನೆಲ್ಲ ಗುಜರಿಗೆ ಹಾಕಿ, ಎಲ್ಲ ಸಾಮಾನನ್ನೂ ಒಂದೇ ಅಳತೆಯ, ಒಂದೇ ಮುಚ್ಚಳದ, ಪಾರದರ್ಶಕ ಬಾಟಲಿಗಳಿಗೆ ತುಂಬಿಸಿ ಹೆಸರು ಅಂಟಿಸಬೇಕೆಂದು ಬರೆದಿರಿ. ಪಕ್ಕದ ಚಿತ್ರದಲ್ಲಿ ಒಬ್ಬ ಹೆಂಗಸು ಅಂಥ ಬಾಟಲಿಯೊಂದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ನಗುತ್ತಿದ್ದಳು. ನನಗೂ ಹಾಗೆ ನಗಬೇಕೆನಿಸಿತು. ಹನ್ನೊಂದು ಪ್ಲಾಸ್ಟಿಕ್ ಬಾಟಲಿ ತಂದೆ, ಮಗಳ ಕೈಯಲ್ಲಿ ದುಂಡಗೆ ಹೆಸರು ಬರೆಸಿ ಅಂಟಿಸಿದೆ, ಸಿಂಕು ತಿಕ್ಕುವ ವಾಷಿಂಗ್ ಸೋಡಾಕ್ಕೂ ಒಂದು ಬಾಟಲಿಯ ಭಾಗ್ಯ ಕೊಟ್ಟೆ. ಡಬ್ಬಗಳನ್ನು ಗುಜರಿಯವನ ಚೀಲಕ್ಕೆ ಸುರಿಯುವಾಗ ಅತ್ತೆ ಬಾಗಿಲಿಗೆ ಬಂದು, “ಅವು ಏನು ಮಾಡಿದ್ವಮ್ಮಾ ನಿಂಗೆ?” ಎಂದು ಕೇಳಿದರು. ತಮ್ಮ ಪುಟವನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಅದನ್ನು ಓದಿದವರಂತೆ ತಲೆಯಾಡಿಸಿ ಒಳಗೆ ಹೋದರು.

ತಾವು ಅಲ್ಲಿಗೇ ನಿಲ್ಲಲಿಲ್ಲ, ನಿಲ್ಲುವ ಜಾಯಮಾನ ತಮ್ಮದಲ್ಲ. ಮುಂದಿನ ವಾರವೇ, ಪ್ರತಿ ಭಾನುವಾರ ಹಿಂದಿನ ಸಾಲನ್ನು ಮುಂದಕ್ಕೂ ಮುಂದಿನ ಸಾಲನ್ನು ಹಿಂದಕ್ಕೂ ತಂದರೆ ಯಾವ ಸಾಮಾನೂ ಮೂಲೆಯಲ್ಲಿ ಹಳಸಿ ಕೂರುವುದಿಲ್ಲವೆಂಬ ದಿವ್ಯಜ್ಞಾನವನ್ನು ಕರುಣಿಸಿದಿರಿ. ಅಂದಿನಿಂದ ಒಂಬತ್ತು ಭಾನುವಾರ, ಒಂದೂ ತಪ್ಪದೆ, ನಾನು ಆ ಬಾಟಲಿಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ಅದಲು ಬದಲು ಮಾಡಿದೆ.

ಮೂರನೆಯ ವಾರ ನಾದಿನಿ ಬಂದಿದ್ದಾಗ ಅತ್ತೆ ಕೊಟ್ಟ ಚಹಾದಲ್ಲಿ ಉಪ್ಪಿತ್ತು. ನಕ್ಕು ಮರೆಯಬಹುದಾಗಿತ್ತು. ಆದರೆ ಮಾರನೆಯ ದಿನ ಬೇಳೆಗೆ ಸಕ್ಕರೆ ಬಿತ್ತು, ಆಮೇಲೆ ಎರಡು ದಿನ ಬಿಟ್ಟು ಹಾಲಿಗೆ ಮತ್ತೆ ಉಪ್ಪು. ನಾದಿನಿ ತನ್ನಣ್ಣನನ್ನು ಪಕ್ಕಕ್ಕೆ ಕರೆದು, “ಅಮ್ಮಂಗೆ ಅರಳು ಮರಳು ಶುರುವಾಯ್ತು ಅಣ್ಣಾ, ಸುಮ್ನೆ ಬಿಡಬೇಡಿ” ಎಂದಳು. ಪಕ್ಕಕ್ಕೆ ಎಂದರೆ ನಮ್ಮ ಮನೆಯಲ್ಲಿ ಎರಡು ಹೆಜ್ಜೆ ಅಷ್ಟೆ, ಅತ್ತೆಯ ಕಣ್ಣಿಗೆ ಏನಾಗಿದ್ದರೂ ಕಿವಿ ಚೆನ್ನಾಗಿಯೇ ಇತ್ತು.

ಮಾನ್ಯರೇ, ತಮ್ಮ ಸಮಯಪ್ರಜ್ಞೆಗೆ ನಾನು ತಲೆಬಾಗುತ್ತೇನೆ. ಸರಿಯಾಗಿ ಅದೇ ವಾರ ‘ಹಿರಿಯರಲ್ಲಿ ಮರೆವಿನ ಹತ್ತು ಲಕ್ಷಣಗಳು’ ಪ್ರಕಟವಾಯಿತು. ನಾನು ಪೆನ್ಸಿಲ್ ಹಿಡಿದು ಕೂತು ಎಂಟಕ್ಕೆ ಗುರುತು ಹಾಕಿದೆ. ‘ಪರಿಚಿತ ವಸ್ತುಗಳನ್ನು ಗುರುತಿಸಲು ತಡವರಿಸುವುದು’: ಹೌದು. ‘ಅಡುಗೆಯಲ್ಲಿ ಪದೇ ಪದೇ ತಪ್ಪುವುದು’: ಹೌದು. ‘ಕಾರಣವಿಲ್ಲದೆ ಮೌನವಾಗುವುದು’: ಹೌದು. ಕಾರಣವಿತ್ತೋ ಇಲ್ಲವೋ ಎಂದು ಕೇಳುವ ಪುರುಸೊತ್ತು ನನಗೂ ಇರಲಿಲ್ಲ, ತಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಮನಸ್ಸಿನ ಡಾಕ್ಟರ ಬಳಿ ಹೆಸರು ಬರೆಸಿದೆವು. ಅಲ್ಲಿಯವರೆಗೆ ಅತ್ತೆ ಒಲೆಯ ಹತ್ತಿರ ಹೋಗಬಾರದೆಂದು ತೀರ್ಮಾನವಾಗಿ, ಯಜಮಾನರು ದಿನಾ ಬೆಳಿಗ್ಗೆ ಗ್ಯಾಸಿನ ರೆಗ್ಯುಲೇಟರ್ ಕಳಚಿ ತಮ್ಮ ಸ್ಪ್ಯಾನರುಗಳ ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದರು. ಹಿರಿಯರಿಗೆ ಕೈಗೆಲಸ ಕೊಟ್ಟರೆ ಲವಲವಿಕೆಯಿಂದಿರುತ್ತಾರೆ ಎಂದು ತಾವು ಬರೆದಿದ್ದಿರಲ್ಲ, ಅದರಂತೆ ಅತ್ತೆಯನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿ ಮಡಿಸಿಡಲು ಕರವಸ್ತ್ರಗಳನ್ನು ಕೊಟ್ಟೆ. ಅವರು ಮಡಿಸಿದರು. ಸಂಜೆ ನಾನೇ ಬಿಡಿಸಿ, ಮರುದಿನ ಮತ್ತೆ ಕೊಟ್ಟೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಆದರೆ ಅದು ನನಗೆ ತಿಳಿದದ್ದು ಒಂಬತ್ತನೆಯ ಭಾನುವಾರ ಕಳೆದ ಮೇಲೆ ಬಂದ ಗುರುವಾರ. ಅಂದು ಆಸ್ಪತ್ರೆಯಲ್ಲಿ ಕರೆಂಟು ಹೋಗಿ, ಹಲ್ಲು ಕೊರೆಯುವ ಯಂತ್ರ ನಿಂತು, ಡಾಕ್ಟರು ನಮ್ಮನ್ನೆಲ್ಲ ಮನೆಗೆ ಕಳುಹಿಸಿದರು. ಹನ್ನೊಂದು ಗಂಟೆಗೆ ನಾನು ಬಾಗಿಲು ತೆರೆದಾಗ ಕುರ್ಚಿ ಖಾಲಿಯಿತ್ತು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಎದುರಿಗೆ ಹನ್ನೊಂದು ಬಾಟಲಿ, ಹಲಗೆಯ ಮೇಲಿದ್ದ ಸಾಲಿನಲ್ಲೇ. ಒಂದೊಂದರ ಮುಚ್ಚಳ ತೆಗೆದು, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ, “ಮುಂದಿನ ಸಾಲು ಒಂದನೇದು ಬೇಳೆ, ಎರಡನೇದು ಉಪ್ಪು” ಎಂದು ಮಗ್ಗಿ ಬಾಯಿಪಾಠ ಮಾಡುವವರಂತೆ ಹೇಳಿಕೊಳ್ಳುತ್ತಿದ್ದರು. ಏಳನೆಯದು ವಾಷಿಂಗ್ ಸೋಡಾ. ಅದನ್ನೂ ನೆಕ್ಕಿದರು, ಮುಖ ಕಿವುಚಿದರು, ಒರೆಸುವ ಬಟ್ಟೆಯಿಂದ ನಾಲಗೆ ತಿಕ್ಕಿಕೊಂಡು “ಏಳನೇದು ಸೋಡಾ” ಎಂದು ಎಂಟನೆಯದಕ್ಕೆ ಕೈ ಹಾಕಿದರು.

ನನ್ನ ಹೆಜ್ಜೆಯ ಸದ್ದಿಗೆ ತಿರುಗಿ, ನಾನು ನಿಂತ ಕಡೆ ಅಲ್ಲ, ಅದಕ್ಕೆ ಸ್ವಲ್ಪ ಪಕ್ಕಕ್ಕೆ ನೋಡುತ್ತಾ, “ಭಾನುವಾರಕ್ಕೆ ಇನ್ನೂ ಮೂರು ದಿನ ಇದೆಯಲ್ಲಮ್ಮಾ, ಅಷ್ಟರಲ್ಲಿ ಕಲ್ತ್ಕೋತೀನಿ. ಈ ಸಲ ಮಾತ್ರ ನೀನು ಅದಲು ಬದಲು ಮಾಡಬೇಡ” ಎಂದರು.

ಪ್ರತಿ ವಾರ ಅವರು ಆ ಹನ್ನೊಂದನ್ನೂ ಹೀಗೆ ಕಲಿತಿದ್ದರು, ಪ್ರತಿ ಭಾನುವಾರ ನಾನು ಅಳಿಸಿದ್ದೆ. ನನಗೆ ಅಷ್ಟು ನಾಚಿಕೆಯಾದದ್ದು ಬದುಕಿನಲ್ಲಿ ಇನ್ನೊಂದು ಸಲವಿಲ್ಲ. ಎರಡು ವರ್ಷದಿಂದ ಅವರಿಗೆ ಎಲ್ಲವೂ ಮಂಜು ಮಂಜಾಗಿದೆಯಂತೆ. ಯಾಕೆ ಹೇಳಲಿಲ್ಲ ಅತ್ತೆ ಎಂದು ಕೇಳಿದರೆ, “ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ರಾ?” ಎಂದರು. ಮನಸ್ಸಿನ ಡಾಕ್ಟರನ್ನು ಬಿಟ್ಟು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮುಂದಿನ ತಿಂಗಳು ಒಂದಕ್ಕೆ ಆಪರೇಷನ್ ಎಂದರು. ಅಲ್ಲಿಯವರೆಗೆ ತಾವು ಶಿಫಾರಸು ಮಾಡುವ ಸೌತೆಕಾಯಿ ಬಿಲ್ಲೆಗಳನ್ನು ಕಣ್ಣಿನ ಮೇಲಿಡುವ ಬದಲು ನಾವು ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದೇವೆ, ಕ್ಷಮಿಸಬೇಕು.

ಹಳೆಯ ಡಬ್ಬ ಹುಡುಕಿಕೊಂಡು ಗುಜರಿ ಅಂಗಡಿಗೂ ಹೋಗಿಬಂದೆ. “ಅವು ಕರಗಿ ಇನ್ನೇನೋ ಆಗಿರ್ತವೆ ಅಕ್ಕಾ” ಎಂದ ಗುಜರಿಯವನು. ಹೊಸದಾಗಿ ಹನ್ನೊಂದು ತಗಡಿನ ಡಬ್ಬ ತಂದು ಅತ್ತೆಯ ಮುಂದಿಟ್ಟು, ಕುಟ್ಟಾಣಿಯ ಗುಂಡನ್ನು ಅವರ ಕೈಗೆ ಕೊಟ್ಟೆ. ಅವರು ಒಂದನ್ನು ತಿರುಗಿಸಿ ತಿರುಗಿಸಿ ಸವರಿ, ಸೊಂಟಕ್ಕೆ ಸರಿಯಾಗಿ ಒಂದು ಏಟು ಹಾಕಿ, “ಸಕ್ಕರೆ” ಎಂದರು. ಹೊಸ ಡಬ್ಬ ಹಾಳಾಯಿತಲ್ಲ ಎಂದು ಓಡಿಬಂದ ಯಜಮಾನರು ವಿಷಯ ತಿಳಿದು, ತಮ್ಮ ಸುತ್ತಿಗೆ ತಂದು ನಾನೇ ಹೊಡೆದುಕೊಡುತ್ತೇನೆಂದರು. “ನಾನೇ ಹೊಡೀಬೇಕು ಕಣೋ, ಇಲ್ಲದಿದ್ರೆ ನನ್ನ ಕೈಗೆ ಹೆಂಗೆ ಗೊತ್ತಾಗುತ್ತೆ?” ಎಂದು ಅತ್ತೆ ಮಗನನ್ನು ಗದರಿದರು. ಆ ಗದರಿಕೆಯನ್ನು ಕೇಳಿ ಎರಡು ತಿಂಗಳಾಗಿತ್ತು. ರೆಗ್ಯುಲೇಟರು ಸ್ಪ್ಯಾನರಿನ ಚೀಲದಿಂದ ಹೊರಬಂದು ತನ್ನ ಜಾಗಕ್ಕೆ ಹೋಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ಬಿಳಿ ಅಂಗಿಯ ಮೇಲಿನ ಶಾಯಿ ಕಲೆಗೆ ಹಾಲು, ಎಣ್ಣೆ ಕಲೆಗೆ ಹಿಟ್ಟು ಎಂದು ಬರೆದ ತಾವು, ಕಿವಿಗೆ ಬಿದ್ದ ‘ಅರಳು ಮರಳು’ ಎಂಬ ಮಾತಿನ ಕಲೆಗೆ ಏನು ಹಚ್ಚಬೇಕು, ಎಷ್ಟು ಹೊತ್ತು ನೆನೆಸಬೇಕು ಎಂಬುದನ್ನು ಬರುವ ಸಂಚಿಕೆಯಲ್ಲಿ ತಿಳಿಸಬೇಕು. ನಾನು ಪೆನ್ಸಿಲಿನಲ್ಲಿ ಹಾಕಿದ ಎಂಟು ಗುರುತುಗಳನ್ನು, ಹಾಕಿದ್ದೇ ನನಗೆ ಮರೆತುಹೋಗುವ ಹಾಗೆ ಅಳಿಸುವ ರಬ್ಬರು ಎಲ್ಲಿ ಸಿಗುತ್ತದೆ ಎಂದೂ ಹೇಳಬೇಕು. ಹಾಗೂ ಆ ಹತ್ತು ಲಕ್ಷಣಗಳ ಪಟ್ಟಿಗೆ ಹನ್ನೊಂದನೆಯದಾಗಿ ‘ಸೊಸೆಗೆ ಕಣ್ಣು ಕಾಣದಿರುವುದು’ ಎಂದು ಸೇರಿಸಿ ಮರುಮುದ್ರಿಸಬೇಕು.

ಇನ್ನು ಮುಂದೆ ಮೂವತ್ತೊಂದನೇ ಪುಟವನ್ನು ಪತ್ರಿಕೆಯಲ್ಲೇ ಬಿಡುತ್ತಿದ್ದೇನೆ. ಹಲ್ಲುನೋವಿನವರು ಓದಿಕೊಳ್ಳಲಿ, ಅವರಿಗೆ ಹೇಗೂ ನೋವು ಅಭ್ಯಾಸವಿರುತ್ತದೆ.

ಈ ವಾರವೂ ಏನನ್ನೋ ಸರಿಪಡಿಸಲು ಹೊರಟಿರುವ ತಮ್ಮ ಕೈಗೆ ಸ್ವಲ್ಪ ವಿರಾಮ ಸಿಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಬಾಟಲಿ ಜೋಡಿಸಿದ ಸೊಸೆ

ತಾ. ಕ.: ಆ ಹನ್ನೊಂದು ಬಾಟಲಿಗಳನ್ನೂ ಈ ಪತ್ರದ ಜೊತೆ ಪಾರ್ಸೆಲ್ ಮಾಡಿದ್ದೇನೆ. ಹೆಸರಿನ ಚೀಟಿಗಳನ್ನು, ತಾವು ಹೇಳಿದಂತೆಯೇ ಬಿಸಿನೀರು ಮತ್ತು ಎಣ್ಣೆ ಸವರಿ, ಗುರುತೂ ಉಳಿಯದ ಹಾಗೆ ಕಿತ್ತಿದ್ದೇನೆ. ಖಾಲಿ ಕಳುಹಿಸಬಾರದೆಂದು ಅತ್ತೆಯೇ ಕೈಯಾರೆ ತುಂಬಿಸಿದ್ದಾರೆ: ಒಂದರಲ್ಲಿ ಸಕ್ಕರೆ, ಒಂದರಲ್ಲಿ ಉಪ್ಪು, ಒಂದರಲ್ಲಿ ವಾಷಿಂಗ್ ಸೋಡಾ, ಹೀಗೆ. ದಯವಿಟ್ಟು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಲೋಟ ಚಹಾ ಮಾಡಿ ಕುಡಿಯಿರಿ. ಸರಿಹೋಗದಿದ್ದರೆ ಬೇಸರಿಸದೆ ಒಂದೊಂದನ್ನೇ ನೆಕ್ಕಿ ಕಲಿತುಕೊಳ್ಳಿ. ಭಾನುವಾರ ಬಂದು ಅದಲು ಬದಲು ಮಾಡಲು ನನಗೆ ಬಿಡುವಿದೆ.